ಮಳೆನೀರಿಗೆ ಒಂದು ದಾರಿ, ಪಲ್ಪರ್ ನೀರಿಗೆ ಇನ್ನೊಂದು

ಇನ್ನು ಕೆಲವೇ ವಾರಗಳಲ್ಲಿ ಅರೇಬಿಕಾ ಹಣ್ಣಿನ ಕೊಯ್ಲು ಪ್ರಾರಂಭವಾಗುತ್ತದೆ. ಅದರ ಬೆನ್ನಿಗೇ ರೋಬಸ್ಟಾ. ಸದಸ್ಯರು ಪಲ್ಪರ್ ರಿಪೇರಿ, ಕಣ ಸಾರಿಸುವುದು, ಆಳುಗಳನ್ನು ಗೊತ್ತುಮಾಡುವುದು ಮೊದಲಾದ ಕೆಲಸಗಳಲ್ಲಿ ತೊಡಗಿರುವ ಕಾಲವಿದು. ಈ ಗಡಿಬಿಡಿಯಲ್ಲಿ ಎಲ್ಲರೂ ಮರೆಯುವ ಒಂದು ಕೆಲಸವಿದೆ. ಅದೇ ಪಲ್ಪರ್ ಮನೆಯ ಸುತ್ತ ನೀರು ಹರಿಯುವ ದಾರಿಯನ್ನು ನೋಡಿಕೊಳ್ಳುವುದು.

ಸಂಘದ ಕಚೇರಿಗೆ ಬರುವ ಸದಸ್ಯರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆಯೊಂದಿದೆ. "ಈ ಮಾಲಿನ್ಯ ನಿಯಂತ್ರಣದ ಕಾನೂನು ದೊಡ್ಡ ಎಸ್ಟೇಟಿನವರಿಗೂ ಕಾರ್ಖಾನೆಯವರಿಗೂ ಅಲ್ಲವೇ? ನಾಲ್ಕೆಕರೆ ತೋಟ, ಒಂದು ಸಣ್ಣ ಪಲ್ಪರ್ ಇಟ್ಟುಕೊಂಡವನಿಗೆ ಅದರ ಗೊಡವೆ ಯಾಕೆ?" ಪ್ರಶ್ನೆ ಸಹಜವಾದದ್ದೇ. ಅದಕ್ಕೆ ಉತ್ತರ ಹೇಳುವ ಮೊದಲು ನನ್ನ ತೋಟದಲ್ಲೇ ನಡೆದ ಒಂದು ಸಂಗತಿಯನ್ನು ಹೇಳಿಬಿಡುತ್ತೇನೆ. ಹೇಳಿಕೊಳ್ಳಲು ಹೆಮ್ಮೆಯ ವಿಷಯವಲ್ಲ. ಆದರೆ ಬೇರೆಯವರ ತಪ್ಪನ್ನು ಉದಾಹರಿಸುವುದಕ್ಕಿಂತ ನಮ್ಮದನ್ನೇ ಹೇಳುವುದು ಲೇಸು.

ಒಂದು ರಾತ್ರಿಯ ಮಳೆ

2021ರ ಜನವರಿ ಮೊದಲ ವಾರ ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಬಿದ್ದ ಅಕಾಲ ಮಳೆಯನ್ನು ಯಾವ ಬೆಳೆಗಾರನೂ ಮರೆತಿರಲಾರ. ಕಣದಲ್ಲಿ ಹರಡಿದ ಕಾಫಿ ನೆನೆಯಿತು, ಗಿಡದಲ್ಲಿದ್ದ ಹಣ್ಣು ಉದುರಿತು. ನಾವೆಲ್ಲ ಟಾರ್ಪಾಲಿನ ಹಿಂದೆ ಓಡಾಡಿದೆವೇ ಹೊರತು ಪಲ್ಪರ್ ಗುಂಡಿಯ ಕಡೆ ಯಾರೂ ತಿರುಗಿ ನೋಡಲಿಲ್ಲ. ಒಂದು ರಾತ್ರಿ ನನ್ನ ಮಳೆಮಾಪಕದಲ್ಲಿ ಎರಡು ಇಂಚಿನ ಹತ್ತಿರ ನೀರಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಗುಂಡಿಯ ಏರಿ ಒಂದು ಕಡೆ ಕೊರೆದು, ಕಪ್ಪು ನೀರೆಲ್ಲ ಹಳ್ಳದ ಪಾಲಾಗಿತ್ತು.

ಹಳ್ಳದ ಕೆಳಗೆ ಅಡಿಕೆ ತೋಟದ ಒಂದು ಮನೆಯಿದೆ. ನಮ್ಮ ಸಂಘದ ಹಳೆಯ ಸದಸ್ಯರು. ಅವರ ಕುಡಿಯುವ ನೀರಿನ ಬಾವಿ ಹಳ್ಳದ ಮಗ್ಗುಲಲ್ಲೇ ಇದೆ. ನಾನು ಹೋಗಿ ಹೇಳುವ ಮೊದಲೇ ಅವರು ಒಂದು ಕೊಡ ನೀರು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಜಗಳವಾಡಲಿಲ್ಲ. ಕೊಡವನ್ನು ಜಗಲಿಯ ಮೇಲಿಟ್ಟು, "ಅಣ್ಣಾ, ಇದನ್ನು ದನವೂ ಮೂಸಲಿಲ್ಲ. ನಾವು ಏನು ಮಾಡೋಣ, ನೀವೇ ಹೇಳಿ" ಎಂದರು. ಹುಳಿನಾತ ಹೊಡೆಯುವ, ಚಹಾ ಬಣ್ಣದ ನೀರು. ನನಗೆ ಬಾಯಿ ಬರಲಿಲ್ಲ. ಮಾಲಿನ್ಯ ತಡೆಯುವ ಬಗ್ಗೆ ಮಹಾಸಭೆಯಲ್ಲಿ ಸುತ್ತೋಲೆ ಓದಿದವನು ನಾನೇ!

ಬಾವಿಯನ್ನು ಎರಡು ಸಲ ಬತ್ತಿಸಿ ತೊಳೆಸಿದೆವು. ಅಲ್ಲಿಯವರೆಗೆ ಪಿಕಪ್ಪಿನಲ್ಲಿ ಡ್ರಮ್ಮು ಇಟ್ಟು ಅವರ ಮನೆಗೆ ನೀರು ಸಾಗಿಸಿದೆ. ಅವರು ಪಂಚಾಯತಿಗಾಗಲಿ ಮಂಡಳಿಗಾಗಲಿ ದೂರು ಕೊಡಲಿಲ್ಲ. ಆದರೆ ಎರಡು ಮನೆಗಳ ನಡುವೆ ಇದ್ದ ಸಲಿಗೆ ಮತ್ತೆ ಮೊದಲಿನಂತಾಗಲು ಎರಡು ವರ್ಷ ಬೇಕಾಯಿತು.

ತಪ್ಪು ಎಲ್ಲಿ ಆಯಿತು?

ಗುಂಡಿ ಸಣ್ಣದಾಗಿತ್ತೆಂದು ಮೊದಲು ನಾನೂ ತಿಳಿದೆ. ಲೆಕ್ಕ ಹಾಕಿ ನೋಡಿದಾಗ ಸಂಗತಿ ಬೇರೆಯೇ ಇತ್ತು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಈ ಒಂದು ಸೂತ್ರ ನೆನಪಿದ್ದರೆ ಸಾಕು. ನನ್ನ ಗುಂಡಿಯ ಬಾಯಿ 10 ಮೀಟರ್ ಉದ್ದ, 6 ಮೀಟರ್ ಅಗಲ, ಅಂದರೆ 60 ಚದರ ಮೀಟರ್. 50 ಮಿಲಿಮೀಟರ್, ಅಂದರೆ ಸುಮಾರು ಎರಡು ಇಂಚು ಮಳೆ ನೇರವಾಗಿ ಗುಂಡಿಗೆ ಬಿದ್ದರೆ ಸೇರುವುದು 3,000 ಲೀಟರ್. ನೀರಿನ ಮಟ್ಟ ಏರುವುದು ಆ ಎರಡು ಇಂಚು ಮಾತ್ರ. ನಾನು ಏರಿಯ ಕೆಳಗೆ ಒಂದು ಅಡಿ ಖಾಲಿ ಬಿಟ್ಟಿದ್ದೆ. ಏನೂ ಆಗಬೇಕಾಗಿರಲಿಲ್ಲ.

ಆದರೆ ನಾನು ಇನ್ನೊಂದು ಕೆಲಸ ಮಾಡಿದ್ದೆ. ತೋಟದ ಕೊಳೆ ಹಳ್ಳಕ್ಕೆ ಹೋಗಬಾರದೆಂಬ ಸದುದ್ದೇಶದಿಂದ ಕಣದ ನೀರು, ಪಲ್ಪರ್ ಮನೆ ಮಾಡಿನ ನೀರು ಎಲ್ಲವನ್ನೂ ಒಂದೇ ಚರಂಡಿಗೆ ಸೇರಿಸಿ ಅದೇ ಗುಂಡಿಗೆ ತಿರುಗಿಸಿದ್ದೆ. ಕಣ 300 ಚದರ ಮೀಟರ್, ಮಾಡು 100 ಚದರ ಮೀಟರ್. ಈ 400 ಚದರ ಮೀಟರ್ ಮೇಲೆ ಅದೇ ಎರಡು ಇಂಚು ಮಳೆ ಬಿದ್ದರೆ 20,000 ಲೀಟರ್! ಎಲ್ಲ ಸೇರಿ 23,000 ಲೀಟರ್ ಗುಂಡಿಗೆ ನುಗ್ಗಿದರೆ ಮಟ್ಟ ಏರುವುದು 38 ಸೆಂಟಿಮೀಟರ್, ಅಂದರೆ ಒಂದೂಕಾಲು ಅಡಿ. ಬಿಟ್ಟಿದ್ದ ಜಾಗ ಒಂದು ಅಡಿ. ಉಕ್ಕಿದ ನೀರು ಮಣ್ಣಿನ ಏರಿಯನ್ನು ಕೊರೆಯುವುದಕ್ಕೆ ಎಷ್ಟು ಹೊತ್ತು?

ಆಕಾಶದಿಂದ ಗುಂಡಿಗೆ ಬಿದ್ದ ಮಳೆಯಿಂದ ಏರಿ ಒಡೆಯಲಿಲ್ಲ. ನಾವೇ ಚರಂಡಿ ತೋಡಿ ಕರೆತಂದ ಮಳೆಯಿಂದ ಒಡೆಯಿತು. ಶುದ್ಧವಾದ ಮಳೆನೀರನ್ನು ಕೊಳೆನೀರಿನ ಜೊತೆ ಸೇರಿಸಿದರೆ ಕೊಳೆನೀರು ಶುದ್ಧವಾಗುವುದಿಲ್ಲ, ಎಲ್ಲವೂ ಕೊಳೆನೀರಾಗುತ್ತದೆ. ನಾನು ಕಲಿತ ಪಾಠ ಇಷ್ಟೇ, ಈ ಲೇಖನದ ಸಾರವೂ ಇಷ್ಟೇ.

ಪಲ್ಪರ್ ನೀರಿನ ಗುಣ

"ಹಣ್ಣು ತೊಳೆದ ನೀರು ತಾನೇ, ವಿಷವಲ್ಲವಲ್ಲ" ಎನ್ನುವವರಿದ್ದಾರೆ. ವಿಷವಲ್ಲ ನಿಜ. ಅದರಲ್ಲಿರುವುದು ಹಣ್ಣಿನ ಸಕ್ಕರೆ, ಬೀಜದ ಮೇಲಿನ ಲೋಳೆ, ಸಿಪ್ಪೆಯ ಒಗರು. ತೊಂದರೆ ಇರುವುದು ಅಲ್ಲೇ. ಸಕ್ಕರೆ ಸಿಕ್ಕಿದ ಕಡೆ ಸೂಕ್ಷ್ಮಜೀವಿಗಳು ಕೋಟಿಗಟ್ಟಲೆ ಹೆಚ್ಚುತ್ತವೆ. ಅವು ಅದನ್ನು ಕರಗಿಸುವಾಗ ನೀರಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ. ಮೀನು, ಏಡಿಗಳು ಉಸಿರುಗಟ್ಟಿ ಸಾಯುತ್ತವೆ. ನೀರು ಹುದುಗಿ ಹುಳಿಯಾಗುತ್ತದೆ, ನಾತ ಬರುತ್ತದೆ.

ಹೀಗೆ ಬೇಕಾಗುವ ಆಮ್ಲಜನಕದ ಅಳತೆಗೆ ಜೀವರಾಸಾಯನಿಕ ಆಮ್ಲಜನಕ ಬೇಡಿಕೆ, ಚಿಕ್ಕದಾಗಿ ಬಿ.ಓ.ಡಿ. ಎನ್ನುತ್ತಾರೆ. ಊರಿನ ಚರಂಡಿ ನೀರಿನಲ್ಲಿ ಇದು ಲೀಟರಿಗೆ ಇನ್ನೂರು ಮುನ್ನೂರು ಮಿಲಿಗ್ರಾಂ ಇದ್ದರೆ, ಪಲ್ಪರ್ ನೀರಿನಲ್ಲಿ ಹಲವು ಸಾವಿರ ಮಿಲಿಗ್ರಾಂ ಇರುತ್ತದೆ. ಇದಲ್ಲದೆ ನಮ್ಮ ಕೊಯ್ಲು ನಡೆಯುವುದು ಹಳ್ಳಗಳು ಇಳಿದು ಸಣಕಲಾಗುವ ಕಾಲದಲ್ಲಿ. ಶ್ರಾವಣದ ಹೊಳೆಯಲ್ಲಿ ಕರಗಿಹೋಗಬಹುದಾದ ಕೊಳೆ ಜನವರಿ ಹಳ್ಳದಲ್ಲಿ ಕರಗುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಈಗ ಸದಸ್ಯರ ಪ್ರಶ್ನೆಗೆ ಬರೋಣ. ಸಂಸತ್ತು 1974ರಲ್ಲಿ ಜಲ ಮಾಲಿನ್ಯ ನಿವಾರಣೆ ಮತ್ತು ನಿಯಂತ್ರಣ ಅಧಿನಿಯಮವನ್ನು ಮಾಡಿತು. ನಮ್ಮ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ ಅದೇ ವರ್ಷ ಸ್ಥಾಪನೆಯಾಯಿತು. ಈ ಅಧಿನಿಯಮದಲ್ಲಿ ಸಣ್ಣ ಬೆಳೆಗಾರರು ತಿಳಿದಿರಬೇಕಾದ ನಾಲ್ಕು ಅಂಶಗಳಿವೆ.

(1) 24ನೆಯ ಕಲಮು, ಮಲಿನಕಾರಿ ವಸ್ತುವನ್ನು ಯಾವ ವ್ಯಕ್ತಿಯೂ ತಿಳಿದೂ ತಿಳಿದೂ ತೊರೆಗಾಗಲಿ ಬಾವಿಗಾಗಲಿ ಭೂಮಿಯ ಮೇಲಾಗಲಿ ಬಿಡಕೂಡದು, ಬಿಡಲು ಆಸ್ಪದ ಕೊಡಕೂಡದು ಎನ್ನುತ್ತದೆ. ನೇರವಾಗಿ ಮಾತ್ರವಲ್ಲ, ಪರೋಕ್ಷವಾಗಿಯೂ ಸೇರಕೂಡದು. "ಯಾವ ವ್ಯಕ್ತಿಯೂ" ಎಂದ ಮೇಲೆ ಎಕರೆಯ ಲೆಕ್ಕ ಅಲ್ಲಿಲ್ಲ. ಮೊದಲ ಸಲ ಗುಂಡಿ ಒಡೆದಾಗ ತಿಳಿಯದೆ ಆಯಿತು ಎನ್ನಬಹುದು. ಎರಡನೆಯ ಸಲ ಹಾಗೆನ್ನಲು ಬಾಯಿ ಬರುವುದಿಲ್ಲ.

(2) ತೊರೆ ಎಂದರೆ ಯಾವುದು ಎಂಬುದನ್ನೂ ಅಧಿನಿಯಮ ವಿವರಿಸುತ್ತದೆ. ಹೊಳೆ ಮಾತ್ರವಲ್ಲ, ನೀರು ಹರಿಯುವ ಯಾವ ಜಾಡೂ ತೊರೆಯೇ. ಅದರಲ್ಲಿ ನೀರು ಹರಿಯುತ್ತಿದ್ದರೂ ಸರಿ, ಸದ್ಯಕ್ಕೆ ಒಣಗಿದ್ದರೂ ಸರಿ. ಭೂಮಿಯೊಳಗಿನ ಜಲವೂ ಇದರಲ್ಲಿ ಸೇರಿದೆ. ಬೇಸಿಗೆಯಲ್ಲಿ ಒಣಗಿದ ಕೊರಕಲಿಗೆ ಕೊಳೆ ಬಿಟ್ಟು "ಅಲ್ಲಿ ನೀರೇ ಇಲ್ಲವಲ್ಲ" ಎಂದರೆ ನಡೆಯುವುದಿಲ್ಲ. ಮೊದಲ ಮಳೆಗೆ ಆ ಕೊಳೆಯೆಲ್ಲ ಹಳ್ಳ ಸೇರುತ್ತದೆಂಬುದು ಕಾನೂನು ಬರೆದವರಿಗೂ ಗೊತ್ತಿತ್ತು.

(3) ಕೊಳೆನೀರು ಹೊರಬಿಡುವಂಥ ಯಾವುದೇ ಘಟಕ ಪ್ರಾರಂಭಿಸುವ ಮೊದಲು 25ನೆಯ ಕಲಮಿನಂತೆ ಮಂಡಳಿಯ ಸಮ್ಮತಿ ಪಡೆಯಬೇಕು. ಹೊಸ ಪಲ್ಪರ್ ಹಾಕುವ ಸದಸ್ಯರು ಯಂತ್ರಕ್ಕೆ ಮುಂಗಡ ಕೊಡುವ ಮೊದಲೇ ಜಿಲ್ಲೆಯ ಮಂಡಳಿ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

(4) ಆಕಸ್ಮಿಕವಾಗಿ ಕೊಳೆನೀರು ತೊರೆಗೋ ಬಾವಿಗೋ ಹೋದರೆ, ಹೋಗುವ ಸಂಭವವಿದ್ದರೆ, ಕೂಡಲೇ ಮಂಡಳಿಗೆ ತಿಳಿಸಬೇಕೆಂದು 31ನೆಯ ಕಲಮು ವಿಧಿಸುತ್ತದೆ. ಅಂದು ನಾನು ನೆರೆಯವರ ಕಷ್ಟಕ್ಕೆ ಒದಗಿದೆನೇ ಹೊರತು ಮಂಡಳಿಗೆ ತಿಳಿಸಲಿಲ್ಲ. ಅದೂ ತಪ್ಪೇ.

ಪರಿಸರ ಸಂರಕ್ಷಣಾ ನಿಯಮಗಳಲ್ಲಿ ಕಾಫಿ ಪಲ್ಪಿಂಗಿಗೆ ಪ್ರತ್ಯೇಕ ಮಾನದಂಡವೇ ಇದೆ. ಕೊಳೆನೀರಿನ ಹುಳಿ ತೆಗೆದು ಪಿ.ಹೆಚ್. 6.5ರಿಂದ 8.5ರ ಒಳಗೆ ತರಬೇಕು, ಬಿ.ಓ.ಡಿ.ಯನ್ನು ಲೀಟರಿಗೆ 1,000 ಮಿಲಿಗ್ರಾಮಿಗೆ ಇಳಿಸಬೇಕು, ಸೋರದಂತೆ ಒಳಪದರ ಹಾಕಿದ ಹೊಂಡದಲ್ಲಿ ನಿಲ್ಲಿಸಬೇಕು. ಆ ನೀರನ್ನು ಹೊಳೆ ಹಳ್ಳಗಳಿಗೆ ಬಿಡುವಂತಿಲ್ಲ.

ಇನ್ನು ಗ್ರಾಮ ಪಂಚಾಯತಿ. ಊರಿನ ಚರಂಡಿ, ಕುಡಿಯುವ ನೀರು ಇವೆರಡೂ ಅದರ ಹೊಣೆ. ಆದ್ದರಿಂದ ದೂರು ಮೊದಲು ಹೋಗುವುದು ಅಲ್ಲಿಗೇ. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಎಂಬ ಗಾದೆಯಂತೆ, ತನಿಖೆಗೆ ಬಂದ ಅಧಿಕಾರಿಗಳು ಇಂದಲ್ಲ ನಾಳೆ ನಮ್ಮ ಹಳ್ಳದ ದಂಡೆಗೂ ಬಂದೇ ಬರುತ್ತಾರೆ.

ಮೂರು ನೀರು, ಮೂರು ದಾರಿ

ನನ್ನ ಪಲ್ಪರ್ ಮನೆಯ ಸುತ್ತ ಈಗ ಮಾಡಿಕೊಂಡಿರುವ ವ್ಯವಸ್ಥೆಯನ್ನು ಹೇಳುತ್ತೇನೆ. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ.

ಮೊದಲನೆಯದು ಮಾಡಿನ ನೀರು. ಇದು ಶುದ್ಧ ನೀರು. ಮಾಡಿನ ಅಂಚಿಗೆ ದೋಣಿ ಕಟ್ಟಿ, ಪೈಪಿನಲ್ಲಿ ಇಳಿಸಿ, ಪಲ್ಪರ್ ಮನೆಯ ನೆಲವನ್ನು ಮುಟ್ಟದಂತೆ ದೂರ ಒಯ್ಯಬೇಕು. ಇಂಗುಗುಂಡಿಗೆ ಬಿಡಬಹುದು, ಟ್ಯಾಂಕಿಗೆ ತುಂಬಿಸಿಕೊಳ್ಳಬಹುದು. ಪಲ್ಪರ್ ಮನೆ ಇಳಿಜಾರಿನಲ್ಲಿದ್ದರೆ ಮೇಲಿನ ಗುಡ್ಡದ ನೀರು ಒಳಗೆ ನುಗ್ಗದಂತೆ ಮೇಲ್ಬದಿಯಲ್ಲಿ ಒಂದು ಅಡ್ಡ ಚರಂಡಿಯನ್ನೂ ತೆಗೆಯಬೇಕು.

ಎರಡನೆಯದು ಕಣದ ನೀರು. ಇದು ಪೂರ್ತಿ ಶುದ್ಧವೂ ಅಲ್ಲ, ಪೂರ್ತಿ ಕೊಳೆಯೂ ಅಲ್ಲ. ಸಿಪ್ಪೆ, ಧೂಳು, ಮಣ್ಣು ಇರುತ್ತದೆ. ಮೋಡ ಕಂಡ ಕೂಡಲೇ ಕಾಫಿ ರಾಶಿ ಮಾಡಿ ಮುಚ್ಚುವಾಗ ಕಣವನ್ನೂ ಒಮ್ಮೆ ಗುಡಿಸಿಬಿಟ್ಟರೆ ಅರ್ಧ ಕೊಳೆ ಹೋಯಿತು. ಉಳಿದ ನೀರನ್ನು ಒಂದು ಸಣ್ಣ ಮಡ್ಡಿಗುಂಡಿಯ ಮೂಲಕ ಹಾಯಿಸಿ ತೋಟದೊಳಗಿನ ತೊಟ್ಟಿಲು ಗುಂಡಿಗಳಿಗೆ ತಿರುಗಿಸಬೇಕು. ಹಳ್ಳಕ್ಕೆ ನೇರ ಬಿಡಬಾರದು, ಪಲ್ಪರ್ ಹೊಂಡಕ್ಕೂ ಬಿಡಬಾರದು. ನಾನು ಎಡವಿದ್ದು ಇಲ್ಲಿಯೇ.

ಮೂರನೆಯದು ಪಲ್ಪರ್ ನೀರು, ತೊಟ್ಟಿ ತೊಳೆದ ನೀರು, ಪಲ್ಪರ್ ಮನೆಯ ನೆಲ ತೊಳೆದ ನೀರು. ಇದಕ್ಕೆ ಒಂದೇ ದಾರಿ, ಮುಚ್ಚಿದ ಚರಂಡಿಯಲ್ಲಿ ಹೊಂಡಕ್ಕೆ. ಸಿಪ್ಪೆಯನ್ನು ಜರಡಿಯಲ್ಲಿ ಮೊದಲೇ ಬೇರೆ ಮಾಡಬೇಕು. ಹುಳಿ ತೆಗೆಯಲು ಸುಣ್ಣ ಹಾಕಬೇಕು. ಎಷ್ಟು ಸುಣ್ಣ ಎಂದು ಬಾಯಿಲೆಕ್ಕ ಬೇಡ, ಪಿ.ಹೆಚ್. ಕಾಗದ ಅದ್ದಿ ನೋಡಿ ಹಾಕಿ. ಆಮೇಲೆ ಹೊಂಡದಲ್ಲಿ ಸಗಣಿ ಬಗ್ಗಡ ಕಲಸಿ ಬಿಟ್ಟರೆ ಕೊಳೆ ಕರಗಿಸುವ ಜೀವಿಗಳು ಬೇಗ ಹಿಡಿಯುತ್ತವೆ. ಹೊಂಡದ ಏರಿಯ ಕೆಳಗೆ ಸದಾ ಎರಡು ಅಡಿಯಾದರೂ ಖಾಲಿ ಇರಲಿ. ಒಳಗೋಡೆಗೆ ಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ನೀರು ಗೆರೆ ಮುಟ್ಟಿದ ದಿನ ಪಲ್ಪಿಂಗ್ ನಿಲ್ಲಿಸಬೇಕೆಂದು ರೈಟರಿಗೂ ಆಳುಗಳಿಗೂ ಹೇಳಿಟ್ಟಿರಿ.

ಒಮ್ಮೆ ಬಳಸಿದ ನೀರನ್ನೇ ಹಣ್ಣು ಪಲ್ಪ್ ಮಾಡಲು ಮತ್ತೆ ತಿರುಗಿಸಿದರೆ ಹೊಂಡಕ್ಕೆ ಬೀಳುವ ನೀರೇ ಕಡಿಮೆಯಾಗುತ್ತದೆ. ಬೀಜದ ಕೊನೆಯ ತೊಳೆತಕ್ಕೆ ಮಾತ್ರ ಹೊಸ ನೀರು ಸಾಕು. ಸಿಪ್ಪೆಯ ರಾಶಿಯನ್ನು ಹಳ್ಳದಿಂದ ದೂರ, ಎತ್ತರದ ಜಾಗದಲ್ಲಿ ಹಾಕಿ ಮುಚ್ಚಿಡಿ. ಅದು ಒಳ್ಳೆಯ ಗೊಬ್ಬರ. ಬಯಲಿನಲ್ಲಿ ಬಿಟ್ಟರೆ ಹೂಮಳೆಗೆ ಅದರ ರಸವೆಲ್ಲ ಇಳಿದು ಹಳ್ಳ ಸೇರುತ್ತದೆ.

ಅಡಿಕೆಯವರ ಪಾಲು

ಕಾಫಿಯವರನ್ನು ಮಾತ್ರ ದೂರಿ ಅಡಿಕೆಯವರನ್ನು ಬಿಟ್ಟರೆ ನ್ಯಾಯವಾಗದು. ನನ್ನ ತೋಟದಲ್ಲಿ ಎರಡೂ ಇವೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಕ್ರಮವನ್ನು ನಮಗೆ ತೋರಿಸಿಕೊಟ್ಟವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಡಾ. ಲೆಸ್ಲಿ ಕೋಲ್ಮನ್, 1910ರ ಆಸುಪಾಸಿನಲ್ಲಿ. ಅವರ ಉಪಕಾರವನ್ನು ಮಲೆನಾಡು ಮರೆಯುವಂತಿಲ್ಲ. ಆದರೆ ಅಂದಿನಿಂದ ಇಂದಿನವರೆಗೆ ವರ್ಷ ವರ್ಷವೂ ನಮ್ಮ ಮಣ್ಣಿಗೆ ತಾಮ್ರ ಬೀಳುತ್ತಲೇ ಇದೆ. ತಾಮ್ರ ಕೊಳೆಯುವ ವಸ್ತುವಲ್ಲ. ಅದು ಮಣ್ಣಿಗೆ ಅಂಟಿಕೊಂಡಿರುತ್ತದೆ, ಮಳೆಯಲ್ಲಿ ಮಣ್ಣು ಹೋದಲ್ಲಿಗೆ ತಾನೂ ಹೋಗುತ್ತದೆ. ನೀರಿಗೆ ಸೇರಿದ ತಾಮ್ರ ಮೀನಿಗೆ ಮಾರಕ.

ಆದ್ದರಿಂದ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬ ಪ್ರಮಾಣವನ್ನು ಮೀರಬೇಡಿ. ಹೊಳಪಿನ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ, ಕೆಂಪು ಹಿಡಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ನೀರು ಹತ್ತಿರವೆಂದು ಹಳ್ಳದ ದಡದಲ್ಲೇ ಡ್ರಮ್ಮು ಇಟ್ಟು ಕಲಸುವುದು, ಸಿಂಪಡಣೆ ಮುಗಿದ ಮೇಲೆ ಅದೇ ಹಳ್ಳದಲ್ಲಿ ಡ್ರಮ್ಮು, ಪಂಪು, ಪೈಪು ತೊಳೆಯುವುದು, ಇವೆರಡನ್ನೂ ನಿಲ್ಲಿಸಲೇಬೇಕು. ಬಸಿಗಾಲುವೆ ಹಳ್ಳಕ್ಕೆ ಸೇರುವ ಕಡೆ ಒಂದು ಮಡ್ಡಿಗುಂಡಿ ತೆಗೆದು, ವರ್ಷಕ್ಕೊಮ್ಮೆ ಅದರ ಮಣ್ಣನ್ನು ಎತ್ತಿ ತೋಟಕ್ಕೇ ಹಾಕಿ. ನಮ್ಮ ಮೇಲ್ಮಣ್ಣೂ ಉಳಿಯಿತು, ಕೆಳಗಿನವರ ನೀರೂ ಉಳಿಯಿತು. ಸುಲಿದ ಅಡಿಕೆ ಸಿಪ್ಪೆಯನ್ನು ರಸ್ತೆ ಬದಿಯ ಮೋರಿಗೆ ಸುರಿಯುವ ಚಾಳಿಯ ಬಗ್ಗೆ ಹೆಚ್ಚು ಹೇಳುವುದೇ ಬೇಡ. ಮೋರಿ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು.

ಸಣ್ಣವರ ಕಷ್ಟ

ಇಷ್ಟೆಲ್ಲ ಹೇಳುವುದು ಸುಲಭ, ಮಾಡಲು ಹಣ ಬೇಕು ಎಂದು ಸದಸ್ಯರು ಹೇಳಿದರೆ ಅಲ್ಲಗಳೆಯುವಂತಿಲ್ಲ. ಒಳಪದರ ಹಾಕಿದ ಹೊಂಡ ಮೂರು ನಾಲ್ಕು ಎಕರೆಯವರ ಕೈಗೆ ಎಟಕುವುದು ಕಷ್ಟ. ಪಲ್ಪಿಂಗ್ ಬಿಟ್ಟು ಚೆರ್ರಿ ಮಾಡಿದರೆ ಕೊಳೆನೀರಿನ ತೊಂದರೆಯೇ ಇಲ್ಲ, ಆದರೆ ಅರೇಬಿಕಾದವರಿಗೆ ಪಾರ್ಚ್‌ಮೆಂಟಿನ ಬೆಲೆ ಕೈತಪ್ಪುತ್ತದೆ. ಇದರ ನಡುವೆ ದಾರಿ ಹುಡುಕುವುದಕ್ಕಾಗಿಯೇ ಸಹಕಾರ ಸಂಘವಿರುವುದು.

ಆದುದರಿಂದ ಮುಂದಿನ ಮಹಾಸಭೆಯ ಮುಂದೆ ಎರಡು ಸಲಹೆಗಳನ್ನು ಇಡಬೇಕೆಂದಿದ್ದೇನೆ. ಒಂದು, ಹೊಂಡಕ್ಕೆ ಹಾಸುವ ಶೀಟು, ಸುಣ್ಣ, ಪಿ.ಹೆಚ್. ಕಾಗದಗಳನ್ನು ಸಂಘವೇ ಒಟ್ಟಾಗಿ ಖರೀದಿಸಿ ಸದಸ್ಯರಿಗೆ ಅಸಲಿಗೆ ಕೊಡುವುದು. ಎರಡು, ಒಂದೇ ಹಳ್ಳದ ಸಾಲಿನಲ್ಲಿರುವ ನಾಲ್ಕಾರು ಸಣ್ಣ ಬೆಳೆಗಾರರು ಸೇರಿ ಒಂದು ಪಲ್ಪರ್, ಒಂದು ಹೊಂಡ ಇಟ್ಟುಕೊಳ್ಳುವುದಾದರೆ ಸಂಘದಿಂದ ಸಾಲದ ಅನುಕೂಲ ಮಾಡುವುದು. ಸದಸ್ಯರು ಈ ಬಗ್ಗೆ ಈಗಲೇ ಯೋಚಿಸಿ ಬರಬೇಕೆಂದು ಕೋರಿಕೆ. ಹೊಂಡದ ಅಳತೆ, ಜಾಗದ ಆಯ್ಕೆ ಇತ್ಯಾದಿಗಳಿಗೆ ಕಾಫಿ ಮಂಡಳಿಯ ಹತ್ತಿರದ ವಿಸ್ತರಣಾ ಕಚೇರಿಯವರನ್ನು ತೋಟಕ್ಕೇ ಕರೆದು ತೋರಿಸುವುದು ಉತ್ತಮ.

"ನನ್ನದು ಸಣ್ಣ ಪಲ್ಪರ್, ಅದರಿಂದ ಏನಾದೀತು" ಎಂಬ ಮಾತಿಗೆ ನಮ್ಮ ಹಿರಿಯರೇ ಉತ್ತರ ಕೊಟ್ಟಿದ್ದಾರೆ. ಹನಿಗೂಡಿದರೆ ಹಳ್ಳ. ತುಂಗೆ, ಭದ್ರೆ, ಹೇಮಾವತಿ, ಕಾವೇರಿ ಎಲ್ಲವೂ ಹುಟ್ಟುವುದು ನಮ್ಮ ಈ ಕಾಫಿ ಅಡಿಕೆಯ ಗುಡ್ಡಗಳಲ್ಲಿ. ಶಿವಮೊಗ್ಗದವರು ಕುಡಿಯುವ ತುಂಗೆ, ಬೆಂಗಳೂರಿನವರು ಕುಡಿಯುವ ಕಾವೇರಿ ಮೊದಲು ನಮ್ಮ ಅಂಗಳ ದಾಟಿಕೊಂಡು ಹೋಗಬೇಕು. ಅಷ್ಟು ದೂರ ಯೋಚಿಸಲಾಗದಿದ್ದರೆ ಬೇಡ, ಹಳ್ಳದ ಕೆಳಗಿನ ಒಂದು ಮನೆಯನ್ನು ನೆನೆದರೆ ಸಾಕು.

ಹೋದ ಸುಗ್ಗಿಯಲ್ಲಿ ನಮ್ಮ ನೆರೆಯವರು ಒಂದು ಸಂಜೆ ತಾವಾಗಿಯೇ ಹೊಂಡ ನೋಡಲು ಬಂದರು. ಒಳಗೋಡೆಯ ಕೆಂಪು ಗೆರೆ, ಅದರ ಕೆಳಗೆ ನಿಂತ ನೀರು, ಬೇರೆಯಾಗಿ ಹೋಗುವ ಮಾಡಿನ ಪೈಪು, ಎಲ್ಲವನ್ನೂ ಸುತ್ತಾಡಿ ನೋಡಿದರು. "ಈಗ ರಾತ್ರಿ ಮಳೆ ಬಂದರೂ ನಿದ್ದೆ ಬರುತ್ತದೆ ಅಣ್ಣಾ" ಎಂದರು. ನನಗೂ ಬರುತ್ತದೆ.

ಹಣ್ಣು ಕೊಯ್ಯುವ ಮೊದಲು ಸದಸ್ಯರು ಒಂದು ಅರ್ಧ ದಿನ ಗುದ್ದಲಿ ಹಿಡಿದು ತಮ್ಮ ಪಲ್ಪರ್ ಮನೆಯ ಸುತ್ತ ಒಮ್ಮೆ ನಡೆದು, ಯಾವ ನೀರು ಎಲ್ಲಿಗೆ ಹೋಗುತ್ತದೆಂದು ನೋಡಿಕೊಳ್ಳಬೇಕೆಂದು ವಿನಂತಿ.

— ಕಾರ್ಯದರ್ಶಿ